ಗರುಡನ ಬೇಟೆಗೆ ಒಬ್ಬ ಸಾಕ್ಷಿ

ಆ ಭಾನುವಾರ ಬೆಳಗಿನ ಜಾವ ಚೆನ್ನೈಗೆ ಮಂಜು ಬಿದ್ದಿತ್ತು. ಊರ ಕಡೆ ಬೀಳುವಂಥ ಮಂಜಲ್ಲ. ರಾತ್ರಿ ಸುರಿದ ಮಳೆ ಎದ್ದು ಹೋಗಲು ಮನಸ್ಸಿಲ್ಲದೆ ನೆಲದ ಮೇಲೆಯೇ ಹೊರಳಾಡುತ್ತಿರುವ ಹಾಗೆ ಒಂದು ತೆಳು ಬಿಳುಪು, ಅಷ್ಟೆ. ಅಷ್ಟಕ್ಕೇ ಕೋಡಂಬಾಕ್ಕಂನ ಜನ ಕಿವಿ ಮುಚ್ಚುವ ಟೋಪಿ ಹಾಕಿಕೊಂಡು, ಹಿಮಾಲಯಕ್ಕೆ ಹೊರಟವರ ಹಾಗೆ ಹಾಲು ತರಲು ಹೋಗುತ್ತಿದ್ದರು. ಧನುರ್ಮಾಸ. ಬೀದಿ ಕೊನೆಯ ಪೆರುಮಾಳ್ ಗುಡಿಯಲ್ಲಿ ಗಂಟೆಯಾಗಿ, ಹುಗ್ಗಿಗೆ ಹಾಕಿದ ತುಪ್ಪದ ವಾಸನೆ ಮಂಜಿನೊಳಗೆ ದಾರಿ ಮಾಡಿಕೊಂಡು ಒಂದೊಂದೇ ಮನೆಯ ಕಿಟಕಿಗೆ ಬಂದು ಹೋಗುತ್ತಿತ್ತು.

ಇಂಥ ಹೊತ್ತಿನಲ್ಲಿ ದೇವರನ್ನು ನೆನೆದು ಇನ್ನೊಂದು ಮಗ್ಗುಲಿಗೆ ಹೊರಳುವುದು ಬಿಟ್ಟು ಮಂಜುನಾಥ್ ಶೂ ಕಟ್ಟಿಕೊಂಡು ಮನೆ ಓನರ್ ಕಾರಿನ ಪಕ್ಕ ನಿಂತಿದ್ದ. ಕಾರಣ ಒಂದು ಕಾಗದ.

ಮಂಜುನಾಥ್ ನಾಗಮಂಗಲದ ಕಡೆಯವನು. ಎಗ್ಮೋರಿನ ಒಂದು ಆಫೀಸಿನಲ್ಲಿ ಲೆಕ್ಕಪತ್ರದ ಕೆಲಸ. ಹನುಮಂತಯ್ಯನವರ ಮನೆಯ ಮಹಡಿಯಲ್ಲಿ ಬಾಡಿಗೆಗೆ ಬಂದು ಎರಡು ವರ್ಷವಾಗುತ್ತ ಬಂದಿತ್ತು. ಹನ್ನೊಂದು ತಿಂಗಳ ಎರಡನೆಯ ಕರಾರು ಈ ತಿಂಗಳ ಕೊನೆಗೆ ಮುಗಿಯುತ್ತಿತ್ತು. ಮಗಳು ತೇಜುವಿನ ಶಾಲೆ ಅಲ್ಲಿಂದ ನಾಲ್ಕು ನಿಮಿಷದ ನಡಿಗೆ. ಮೊದಲ ವರ್ಷವಿಡೀ ಗೇಟು ಹಿಡಿದುಕೊಂಡು ಅತ್ತ ಮಗು ಈಗ ಕುಂಟಾಬಿಲ್ಲೆ ಆಡುವ ಹಾಗೆ ಕುಪ್ಪಳಿಸುತ್ತ ಹೋಗುತ್ತಿತ್ತು. ಈ ಮನೆ ತಪ್ಪಿದರೆ ಬೇರೆ ಬೀದಿ, ಬೇರೆ ಶಾಲೆ, ಮತ್ತೆ ಬೇರೆ ಗೇಟು ಹಿಡಿದು ಅಳು. ಅದಕ್ಕೇ ಅವನು ಹೊಸ ಕರಾರು ಟೈಪ್ ಮಾಡಿಸಿ, ತನ್ನ ಸಹಿ ಹಾಕಿ, ಹದಿನೈದು ದಿನದ ಹಿಂದೆಯೇ ಹನುಮಂತಯ್ಯನವರ ಕೈಗೆ ಕೊಟ್ಟಿದ್ದ. ಕೇಳಿದಾಗಲೆಲ್ಲ ಅವರದು ಒಂದೇ ಮಾತು: "ನೋಡೋಣಪ್ಪಾ. ಒಳಗೆ ಕೇಳಿ ಹೇಳ್ತೀನಿ." ಈ ನಡುವೆ ಯಾರೋ ಒಬ್ಬ ಹೆಂಗಸು ಎರಡು ಸಲ ಬಂದು ಮನೆ ನೋಡಿಕೊಂಡು ಹೋಗಿದ್ದಳು.

ಉಪಾಯ ಹೇಳಿದವಳು ಹೆಂಡತಿ ಪಾವನಾ. ಓನರಿಗೆ ಹಕ್ಕಿ ಹುಚ್ಚು. ಒಂದು ಭಾನುವಾರ ಜೊತೆಗೆ ಹೋಗಿ, ಅವರು ಏನು ತೋರಿಸಿದರೂ ಬೆರಗಾಗಿ, ಕಾಗದ ತಾನಾಗೇ ಬರುತ್ತೆ ಅಂದಿದ್ದಳು. ಮಂಜುನಾಥನಿಗೆ ಗುರುತಿದ್ದ ಹಕ್ಕಿಗಳು ಎರಡು: ಕಾಗೆ, ಮತ್ತು ಆಫೀಸಿನ ಏಸಿ ಪೆಟ್ಟಿಗೆಯ ಮೇಲೆ ಸಂಸಾರ ಹೂಡಿದ್ದ ಪಾರಿವಾಳ. ಆದರೆ ಬೆರಗಾಗುವುದಕ್ಕೆ ಗುರುತು ಯಾಕೆ ಬೇಕು?

ಕಾರಿನಲ್ಲಿ ಹನುಮಂತಯ್ಯನವರು ಮನಸ್ಸು ಬಿಚ್ಚಿದರು. ತುಮಕೂರಿನ ಕಡೆಯವರಾದರೂ ಮದರಾಸಿಗೆ ಬಂದು ನಲವತ್ತು ವರ್ಷವಾಗಿ, ಅವರ ಕನ್ನಡಕ್ಕೆ ತಮಿಳಿನ ಒಗ್ಗರಣೆ ಬಿದ್ದಿತ್ತು. ಒಂಬತ್ತು ಚಳಿಗಾಲದಿಂದ ಪಳ್ಳಿಕರಣೈ ಜೌಗಿಗೆ ಹೋಗುತ್ತಿದ್ದಾರಂತೆ. ನೂರಾರು ಥರದ ಹಕ್ಕಿ ಕಂಡಿದ್ದಾರಂತೆ. ಆದರೆ ಬೇಟೆಯ ಹಕ್ಕಿ ಮೇಲಿಂದ ಬಿದ್ದು ಇನ್ನೊಂದು ಹಕ್ಕಿಯನ್ನು ಹಿಡಿಯುವುದನ್ನು ಒಂದು ಸಲವೂ ಕಂಡಿಲ್ಲವಂತೆ.

"ಒಂದೇ ಒಂದು ಸಲ ಬುಕ್ಕಲ್ಲಿ ಏರಬೇಕಪ್ಪಾ," ಅಂದರು. "ಪ್ರತಿ ವರ್ಷ ಎದುರಿಗೇ ಬರುತ್ತೆ. ಏನೋ ಒಂದು ಆಗಿ ತಪ್ಪಿಹೋಗುತ್ತೆ."

ಏನಾಗಿ ತಪ್ಪುತ್ತದೆ ಎಂದು ಅವರು ಹೇಳಲಿಲ್ಲ. ಮಂಜುನಾಥ್ ಕೇಳಲೂ ಇಲ್ಲ. "ಛೆ ಛೆ" ಎನ್ನುವುದರಲ್ಲೇ ಮಗ್ನನಾಗಿದ್ದ.

ಆ ಬುಕ್ಕು ಇದ್ದದ್ದು ರಮಾಬಾಯಿಯವರ ಹತ್ತಿರ. ಧಾರವಾಡದವರು, ನಿವೃತ್ತ ಮುಖ್ಯೋಪಾಧ್ಯಾಯಿನಿ. ಮದರಾಸಿನಲ್ಲಿ ಅರ್ಧ ಆಯುಷ್ಯ ಕಳೆದರೂ ಭಾಷೆಯ ಒಂದು ಅಕ್ಷರ ಸವೆದಿರಲಿಲ್ಲ. ಹಕ್ಕಿ ನೋಡುವ ಗುಂಪಿನವರು ಕಂಡದ್ದೆಲ್ಲ ಅವರ ದಪ್ಪ ರಿಜಿಸ್ಟರಿಗೆ ಏರಬೇಕು. ಬರೀ ಕಂಡರೆ ಹೆಸರು ಸಾಕು. ಬೇಟೆಯಾದರೆ ಮಾತ್ರ ಕಣ್ಣಾರೆ ಕಂಡವರು ವಿವರ ಹೇಳಿ ಕೆಳಗೆ ಸಹಿ ಹಾಕಬೇಕು. ಇನ್ನೊಬ್ಬರು ಕಿಟ್ಟಣ್ಣ. ಕುಂದಾಪುರದ ಕಡೆಯಿಂದ ಬಂದು ಕೋಡಂಬಾಕ್ಕಂನಲ್ಲಿ ಸಸ್ಯಾಹಾರಿ ಹೋಟೆಲು ನಡೆಸುವವರು. ಕೊರಳಿಗೆ ಇಡ್ಲಿ ಪಾತ್ರೆಯಷ್ಟು ದಪ್ಪದ ಕ್ಯಾಮರಾ. ಇಬ್ಬರೂ ಆಗಲೇ ಜೌಗಿನ ಅಂಚಿಗೆ ಬಂದು ನಿಂತಿದ್ದರು.

ಪಳ್ಳಿಕರಣೈಯಲ್ಲಿ ಒಂದು ಕಡೆ ಗಾಜಿನ ಕಟ್ಟಡಗಳು, ಇನ್ನೊಂದು ಕಡೆ ಊರಿನ ಕಸದ ಗುಡ್ಡ. ದೇವರು ಅವೆರಡರ ನಡುವೆ ಒಂದಿಷ್ಟು ನೀರು ಹಿಡಿದಿಟ್ಟು, ಅದರ ಮೇಲೆ ಸಾವಿರಾರು ಹಕ್ಕಿಗಳನ್ನು ಕೂರಿಸಿ, ಇದನ್ನಾದರೂ ನೋಡಿಕೊಳ್ಳಿ ಎಂದು ಸುಮ್ಮನಾಗಿದ್ದ. ಮಂಜಿನಲ್ಲಿ ಬಾತುಗಳು ಮದುವೆಮನೆಯ ಪಂಕ್ತಿಯ ಹಾಗೆ ಸಾಲುಸಾಲಾಗಿ ಕೂತು ತಮ್ಮೊಳಗೇ ಏನೋ ಗೊಣಗಿಕೊಳ್ಳುತ್ತಿದ್ದವು.

ಆ ಗಳಿಗೆ ಬಂದಾಗ ರಮಾಬಾಯಿ ಬೆನ್ನು ತಿರುಗಿಸಿ ಕಾರಿನ ಮೇಲೆ ಲೋಟವಿಟ್ಟು ಫ್ಲಾಸ್ಕಿನಿಂದ ಕಾಫಿ ಬಗ್ಗಿಸುತ್ತಿದ್ದರು. ಕಿಟ್ಟಣ್ಣ ರಸ್ತೆಯ ಕಡೆ ತಿರುಗಿ, ದೋಸೆ ಹುಯ್ಯುವವನು ಯಾಕೆ ಬಂದಿಲ್ಲ ಎಂದು ಫೋನಿನಲ್ಲಿ ವಿಚಾರಿಸುತ್ತಿದ್ದರು. ಇದ್ದಕ್ಕಿದ್ದ ಹಾಗೆ ಬಾತುಗಳ ಗೊಣಗಾಟ ನಿಂತಿತು. ಮರುಕ್ಷಣ, ಸಾವಿರ ಒದ್ದೆ ಸೀರೆಗಳನ್ನು ಒಟ್ಟಿಗೆ ಕೊಡವಿದ ಸದ್ದಿನೊಡನೆ ಇಡೀ ನೀರೇ ಎದ್ದು ನಿಂತಂತಾಯಿತು. ಮೇಲೆ, ಮಂಜು ಹರಿದ ಕಡೆಯಿಂದ, ಒಂದು ಹಕ್ಕಿ ರೆಕ್ಕೆ ಮಡಿಸಿ ಕಲ್ಲಿನ ಹಾಗೆ ಬೀಳುತ್ತಿತ್ತು. ಮಂಜುನಾಥನಿಗೆ ಕಂಡದ್ದು ಎರಡೇ: ಇಟ್ಟಿಗೆ ಬಣ್ಣದ ರೆಕ್ಕೆ, ಬಿಳಿಯ ತಲೆ.

ಗರುಡ.

ಅವನಿಗೆ ಮೂರು ವರ್ಷವಿದ್ದಾಗ ಅಜ್ಜಿ ಕಲಿಸಿದ್ದು ತಾನಾಗೇ ನಡೆದುಹೋಯಿತು. ಕಣ್ಣು ಮುಚ್ಚಿತು. ಬಲಗೈ ಎರಡು ಕೆನ್ನೆಗೂ ಹೋಗಿ ತಟ್ಟಿತು. ಎರಡು ಕೈಯೂ ಸೇರಿ ಎದೆಗೆ ಬಂದವು. ಸ್ವಾಮಿ, ಇನ್ನೊಂದು ಹನ್ನೊಂದು ತಿಂಗಳು ಅಂತ ಮೂರು ಸಲ ಬೇಡಿಕೊಂಡ. ನಮ್ಮ ಜನರ ಪದ್ಧತಿಯೇ ಹಾಗೆ. ಗರ್ಭಗುಡಿಯ ಮುಂದೆ ಗಂಟೆಗಟ್ಟಲೆ ನಿಂತು, ಕತ್ತು ಉದ್ದ ಮಾಡಿ, ಮುಂದಿನವರ ಭುಜದ ಮೇಲಿಂದ ಇಣುಕುತ್ತೇವೆ. ಮಂಗಳಾರತಿ ಎತ್ತಿ ದೇವರ ಮುಖ ಬೆಳಗಿದ ಕೂಡಲೇ ಕಣ್ಣು ಮುಚ್ಚಿಬಿಡುತ್ತೇವೆ.

ಮಂಜುನಾಥ್ ಕಣ್ಣು ಬಿಟ್ಟಾಗ ಆಕಾಶ ಖಾಲಿ. ಒಂದು ಗರಿ ಮಾತ್ರ, ಯಾವ ಆತುರವೂ ಇಲ್ಲದೆ, ತಿರುಗುತ್ತ ತಿರುಗುತ್ತ ನೀರಿಗಿಳಿಯುತ್ತಿತ್ತು. ಪಕ್ಕದಲ್ಲಿ ಹನುಮಂತಯ್ಯನವರು ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುತ್ತಿದ್ದರು.

"ಮಂಜುನಾಥಾ, ನೋಡಿದ್ಯಾ?" ಪರೀಕ್ಷೆಯ ಫಲಿತಾಂಶ ವಿಚಾರಿಸುವವನ ಹಾಗೆ ಕೇಳಿದರು.

ಇಲ್ಲ ಅನ್ನುವುದಕ್ಕೆ ಬಾಯಿ ತೆರೆದಿದ್ದ. ಆದರೆ ಒಂಬತ್ತು ವರ್ಷ ಕಾದವರ ಮುಖ ಎದುರಿಗಿತ್ತು. ಅದರ ಹಿಂದೆ ಕಾಗದವಿತ್ತು. ಅದರ ಹಿಂದೆ ಗೇಟು ಹಿಡಿದ ಮಗು.

"ನೋಡ್ದೆ ಸಾರ್."

ಎರಡೇ ಮಾತು. ಅವು ಬಾಯಿಂದ ಹೊರಬಿದ್ದ ಹಗುರಕ್ಕೆ, ಸಂಜೆಯ ಹೊತ್ತಿಗೆ ಇಷ್ಟು ಭಾರವಾಗುತ್ತವೆಂದು ಯಾರಿಗೆ ಗೊತ್ತಿತ್ತು?

ಹನುಮಂತಯ್ಯನವರು ಅವನ ಎರಡೂ ಕೈ ಹಿಡಿದುಕೊಂಡರು. ಚೆನ್ನಾಗಿ ನೋಡಿದೆಯಾ, ಕೊನೆಯವರೆಗೂ ನೋಡಿದೆಯಾ ಅಂತ ಮತ್ತೆ ಮತ್ತೆ ಕೇಳಿದರು. ಚೆನ್ನಾಗೇ ನೋಡಿದೆ, ನೀವೂ ನೋಡಿದಿರಲ್ಲ ಅಂದ. ಅದಕ್ಕೆ ಅವರು ಹೌದು ಎನ್ನಲಿಲ್ಲ, ಇಲ್ಲ ಎನ್ನಲಿಲ್ಲ. ರಮಾಬಾಯಿಯವರನ್ನು ಕೂಗಿ ಕರೆದು, "ಮಂಜುನಾಥ ಕಂಡಿಪ್ಪಾ, ಖಂಡಿತಾ ನೋಡಿದಾನೆ, ಎಲ್ಲಾ ಅವನನ್ನೇ ಕೇಳಿ," ಎಂದು ಒಪ್ಪಿಸಿ, ಒಂದು ಮರದ ಕೆಳಗೆ ಹೋಗಿ ಫೋನಿನಲ್ಲಿ ಮೆಲ್ಲಗೆ ಏನೋ ಮಾತಾಡಿ ಬಂದರು.

ರಮಾಬಾಯಿ ಕಾಫಿ ಲೋಟ ಕೆಳಗಿಟ್ಟು ಪೆನ್ನು ತೆಗೆದರು.

"ತಲಿ ಯಾವ ಬಣ್ಣ ಇತ್ತು?"

ಇದೊಂದು ಅವನಿಗೆ ನಿಜವಾಗಿ ಗೊತ್ತಿತ್ತು. "ಬಿಳೀದು ಮೇಡಂ."

"ಹಂಗಂದ್ರ ಅದು ಡೇಗೆ ಹಕ್ಕಿ ಅಲ್ಲ, ಗರುಡ. ಏನು ಹಿಡೀತು?"

ಮಂಜುನಾಥ್ ಆಗ ಒಂದು ಲೆಕ್ಕ ಹಾಕಿದ. ಸಾರ್ ನೋಡಿದ್ದಾರೆ. ಹೇಳುತ್ತ ಹೇಳುತ್ತ ಅವರ ಮುಖ ನೋಡುವುದು. ತಲೆ ಆಡಿಸಿದರೆ ಸರಿ. ಹುಬ್ಬು ಗಂಟಿಕ್ಕಿದರೆ ತಿದ್ದಿಕೊಳ್ಳುವುದು. ಬಾತು ಅಂದ. ಹನುಮಂತಯ್ಯ ಸಂತೋಷದಿಂದ ತಲೆಯಾಡಿಸಿದರು. ಹೆಣ್ಣು ಬಾತು ಅಂದ. ಇನ್ನೂ ಸಂತೋಷದಿಂದ ಆಡಿಸಿದರು.

"ನೀರಾಗ ಹಿಡೀತೋ, ಗಾಳ್ಯಾಗ ಹಿಡೀತೋ?"

ಹನುಮಂತಯ್ಯನವರಿಗೆ ಚಳಿಗೆ ಕತ್ತು ಹಿಡಿದಿತ್ತೋ ಏನೋ, ಗದ್ದ ತುಸು ಮೇಲಕ್ಕೆತ್ತಿದರು.

"ಗಾಳೀಲೇ ಮೇಡಂ."

ರಮಾಬಾಯಿಯವರ ಪೆನ್ನು ನಿಂತಿತು. ಇಪ್ಪತ್ತೆರಡು ವರ್ಷದ ಈ ಬುಕ್ಕಿನಲ್ಲಿ ಗರುಡ ಮೀನು ಎತ್ತಿದ್ದುಂಟು, ಸತ್ತದ್ದನ್ನು ಎತ್ತಿದ್ದುಂಟು, ಬೇರೆ ಹಕ್ಕಿಯ ಬಾಯಿಂದ ಕಸಿದದ್ದೂ ಉಂಟು. ಹಾರುವ ಬಾತನ್ನು ಗಾಳಿಯಲ್ಲಿ ಹಿಡಿದದ್ದು ಒಂದೂ ಇಲ್ಲ ಅಂದರು. ಇಂಥದ್ದನ್ನು ಕಾಫಿ ಕಲೆಯ ನಡುವೆ ಬರೆಯಲಾಗದು. ಸಂಜೆ ಆರಕ್ಕೆ ಹನುಮಂತಯ್ಯನವರ ಮನೆಯಲ್ಲಿ ಗುಂಪಿನವರನ್ನೆಲ್ಲ ಸೇರಿಸಿ, ಅವರ ಎದುರಿಗೆ ಬರೆದು, ಸಹಿ ಮಾಡಿಸುವುದು ಎಂದು ತೀರ್ಮಾನವಾಯಿತು.

ಕಿಟ್ಟಣ್ಣ ತಮ್ಮ ಕ್ಯಾಮರಾವನ್ನು, ಕೆಲಸಕ್ಕೆ ಬಾರದ ಅಳಿಯನನ್ನು ನೋಡುವ ಹಾಗೆ ನೋಡಿದರು. "ಎಂತ ಮಾರಾಯ್ರೆ. ಒಂದು ದೋಸೆಯವನ ದೆಸೆಯಿಂದ ಹೋಯ್ತಲ್ಲ."

ವಾಪಸು ಬರುವ ದಾರಿಯಲ್ಲಿ ಮಂಜುನಾಥನ ಫೋನು ಹೊಡೆದುಕೊಂಡಿತು. ಹನುಮಂತಯ್ಯನವರ ಹೆಂಡತಿ ಲೀಲಮ್ಮ. ಸದಾ ಮೆಲುಮಾತಿನ, ಜಪಮಣಿ ಬಿಡದ ಹೆಂಗಸು. ಇವರು ಗಾಡಿ ಓಡಿಸುವಾಗ ಫೋನ್ ಎತ್ತುವುದಿಲ್ಲ, ತಿಂಡಿಗೆ ಮುಂಚಿನ ಮಾತ್ರೆ ನುಂಗಿದರಾ ಅಂತ ಕೇಳಿದರು. ಆಮೇಲೆ ಅದೇ ಮೆಲುದನಿಯಲ್ಲಿ, "ಏನೋ ಬೇಟೆ ಆಯ್ತಂತೆ. ಇವರು ನೋಡಿದ್ರಾಪ್ಪಾ?" ಅಂದರು.

ಓನರ್ ಹೆಂಡತಿ ಕೇಳುತ್ತಿದ್ದಾರೆ, ಓನರ್ ಪಕ್ಕದಲ್ಲೇ ಇದ್ದಾರೆ. ಮಂಜುನಾಥ್ ಧಾರಾಳವಾದ. "ಅಮ್ಮಾ, ಸಾರ್ ರೆಪ್ಪೆ ಬಡೀದೆ ನೋಡಿದ್ರು. ನಾನು ಪಕ್ಕದಲ್ಲೇ ನಿಂತಿದ್ನಲ್ಲ."

"ಹೌದಾಪ್ಪಾ," ಅಂದು ಲೀಲಮ್ಮ ಫೋನ್ ಇಟ್ಟರು. ಹನುಮಂತಯ್ಯನವರು ಸ್ಟೀರಿಂಗು ಹಿಡಿದು ಎದುರಿನ ರಸ್ತೆಯನ್ನೇ, ಅದು ಈಗ ತಾನೇ ಹುಟ್ಟಿತೇನೋ ಎಂಬಂತೆ ನೋಡುತ್ತಿದ್ದರು.

ಕಿಟ್ಟಣ್ಣನವರ ಹೋಟೆಲಿಗೆ ಇವರು ಹೋಗುವ ಮೊದಲೇ ಸುದ್ದಿ ಹೋಗಿತ್ತು. ಕಿಟ್ಟಣ್ಣ ಗಲ್ಲಾಪೆಟ್ಟಿಗೆಯ ಪಕ್ಕ ಅವನನ್ನು ನಿಲ್ಲಿಸಿ, ಇವರೇ ಕಂಡವರು ಅಂತ ಗಿರಾಕಿಗಳಿಗೆ ಪರಿಚಯ ಮಾಡಿಕೊಟ್ಟರು. ಮಂಜುನಾಥ್ ಕತೆಯನ್ನು ಗಲ್ಲಾದ ಹತ್ತಿರ ಒಂದು ಸಲ, ಟೇಬಲ್ಲಿನಲ್ಲಿ ಒಂದು ಸಲ, ಕೈ ತೊಳೆಯುವ ಕಡೆ ಒಂದು ಸಲ ಹೇಳಬೇಕಾಯಿತು. ಹೇಳಿದಷ್ಟೂ ಬಾತು ದಪ್ಪವಾಯಿತು. ಮೂರನೆಯ ಸಲ ಹೇಳುವಾಗ ಅದನ್ನು ಎತ್ತಿಕೊಂಡು ಹೋಗಲು ಗರುಡನಿಗೆ ನಿಜವಾಗಿಯೂ ವಿಷ್ಣುವಿನ ಸಹಾಯ ಬೇಕಾಗುವಷ್ಟಾಗಿತ್ತು. ಬಾತು ಕೂಗಿತಾ ಅಂತ ಯಾರೋ ಕೇಳಿದರು. ಕೂಗಲು ಹೊರಟಿತ್ತು, ಆಗಲಿಲ್ಲ ಅಂದ. ಹೇಳುವಾಗ ಅವನಿಗೇ ಒಂದು ಥರ ಗೊಂದಲ. ಇದನ್ನೆಲ್ಲ ತಾನು ಕಂಡೇ ಇರಬಹುದೇ? ರೆಪ್ಪೆಯ ಸಂದಿಯಿಂದ?

ಹನುಮಂತಯ್ಯನವರು ಮಾತ್ರ ಪೊಂಗಲಿನಿಂದ ತಲೆ ಎತ್ತಲಿಲ್ಲ. ಯಾರು ಕೇಳಿದರೂ, "ಅವನನ್ನೇ ಕೇಳಿ, ಅವನೇ ಅಲ್ವಾ ನೋಡಿದ್ದು," ಅನ್ನುತ್ತಿದ್ದರು. ಎಂಥ ದೊಡ್ಡ ಮನಸ್ಸು, ಒಂಬತ್ತು ವರ್ಷ ಕಾದು ಕಂಡದ್ದರ ಕೀರ್ತಿಯನ್ನು ಬಾಡಿಗೆಯವನಿಗೆ ಬಿಟ್ಟುಕೊಡುತ್ತಿದ್ದಾರಲ್ಲ ಎಂದು ಮಂಜುನಾಥನ ಎದೆ ತುಂಬಿ ಬಂತು. ಕಾಗದಕ್ಕೆ ಸಹಿ ಬಿದ್ದಂತೆಯೇ ಎಂದುಕೊಂಡ.

ಮನೆಗೆ ಬಂದು ಪಾವನಾಗೆ ನಿಜ ಹೇಳಿದ. ಅವಳು ಸೌಟು ಹಿಡಿದುಕೊಂಡೇ ಕೂತುಬಿಟ್ಟಳು. "ಬೆರಗಾಗಿ ಅಂದ್ರೆ, ಸಾಕ್ಷಿ ಹೇಳಿ ಬಂದ್ರಾ?"

ಅಷ್ಟರಲ್ಲಿ ರಮಾಬಾಯಿಯವರ ಫೋನು. ಅವರ ಪರಿಚಯದ ಹಕ್ಕಿ ಪ್ರೊಫೆಸರೊಬ್ಬರು ಸಂಜೆ ಫೋನಿನಲ್ಲೇ ಹಾಜರಾಗುತ್ತಾರಂತೆ. ಗರುಡ ಹಿಡಿದದ್ದು ಎಡಗಾಲಿನಲ್ಲೋ ಬಲಗಾಲಿನಲ್ಲೋ, ಹಿಡಿದ ಮೇಲೆ ರೆಕ್ಕೆ ಎಷ್ಟು ಸಲ ಬಡಿಯಿತು, ನೆನಪು ಮಾಡಿಟ್ಟುಕೊಳ್ಳಬೇಕಂತೆ.

ನೆನಪು ಮಾಡಿಕೊಳ್ಳಲು ಮೊದಲು ಕಾಣಬೇಕಲ್ಲ. ಪಾವನಾ ಹೊಸ ಉಪಾಯ ತೆಗೆದಳು. ತಿರುವಿನ ಮಟನ್ ಅಂಗಡಿಯ ಮೇಲೆ ಹದ್ದುಗಳು ದಿನವೂ ಸುತ್ತುತ್ತವೆ. ಬೆಳಗಿನ ವಡೆ ಮಿಕ್ಕಿದೆ. ತಾರಸಿಗೆ ಹೋಗಿ ವಡೆ ಮೇಲಕ್ಕೆಸೆದರೆ ಹದ್ದು ಬಂದು ಹಿಡಿಯುತ್ತದೆ. ಕಾಲು ಯಾವುದು, ರೆಕ್ಕೆ ಹೇಗೆ, ನೋಡಿಕೊಂಡರಾಯಿತು. ಹದ್ದೇನೂ ಗರುಡನಲ್ಲ, ಕಣ್ಣು ಮುಚ್ಚಬೇಕಾಗಿಲ್ಲ.

ಪಾವನಾ ಎಸೆದಳು. ಹದ್ದು ಬಂತು. ಮಂಜುನಾಥನ ಕಣ್ಣು ಮುಚ್ಚಿತು. ಎರಡನೆಯ ವಡೆಗೆ ಬೆರಳಿನಿಂದ ರೆಪ್ಪೆ ಹಿಡಿದುಕೊಂಡ. ರೆಕ್ಕೆಯ ಗಾಳಿ ಮುಖಕ್ಕೆ ಬಡಿದ ಕೂಡಲೇ ಬೆರಳು ರೆಪ್ಪೆಯನ್ನು ಬಿಟ್ಟು ಕೆನ್ನೆ ತಟ್ಟಲು ಹೋಯಿತು. ನಾಲ್ಕನೆಯದಕ್ಕೆ ತೇಜು ಕೂಡ ಬಂದು ನಿಂತು, ಶಾಲೆಯ ತಮಿಳಿನಲ್ಲಿ ಲೆಕ್ಕವಿಡತೊಡಗಿದಳು.

"ಅಪ್ಪಾ, ಮರುಪಡಿಯುಂ ಕಣ್ಣ ಮೂಡಿಟ್ಟೆ," ಅಂದಳು. ಮತ್ತೆ ಕಣ್ಣು ಮುಚ್ಚಿಬಿಟ್ಟೆ ಅಂತ.

ಆರನೆಯ ವಡೆಯನ್ನು ಅವನೇ ಕೈಯಲ್ಲಿ ಹಿಡಿದು ನಿಂತ. ಹದ್ದು ಅದನ್ನು ಕೈಯಿಂದಲೇ ಎತ್ತಿಕೊಂಡು, ರಸೀದಿ ಕೊಡುವ ಹಾಗೆ ಹೆಬ್ಬೆರಳ ಮೇಲೊಂದು ಗೀರು ಎಳೆದು ಹೋಯಿತು. ಅದನ್ನೂ ಅವನು ನೋಡಲಿಲ್ಲ. ಪಾವನಾ ಬೆರಳಿಗೆ ಬಟ್ಟೆ ಸುತ್ತುತ್ತಿರುವಾಗ ಕೆಳಗೆ ಗೇಟು ಕಿರುಗುಟ್ಟಿತು. ಇಣುಕಿದರೆ, ಎರಡು ಸಲ ಮನೆ ನೋಡಿ ಹೋಗಿದ್ದ ಅದೇ ಹೆಂಗಸು. ಈ ಸಲ ಮಹಡಿಗೆ ಬರಲಿಲ್ಲ. ನೇರವಾಗಿ ಲೀಲಮ್ಮನವರ ಹತ್ತಿರ ಹೋಗಿ, ಅರ್ಧ ಗಂಟೆಯಾದ ಮೇಲೆ ಕುಂಕುಮ ಇಟ್ಟುಕೊಂಡು ಹೊರಗೆ ಬಂದಳು.

"ಇವತ್ತು ಸಂಜೆ ಸಹಿ ಹಾಕಿ, ಕಾಗದ ಇಸ್ಕೊಂಡೇ ಮೇಲೆ ಬನ್ನಿ," ಅಂದಳು ಪಾವನಾ. ಅವಳ ಮುಖದಲ್ಲಿ ನಗು ಉಳಿದಿರಲಿಲ್ಲ.

ಆರು ಗಂಟೆಗೆ ಹನುಮಂತಯ್ಯನವರ ಹಜಾರದಲ್ಲಿ ಹದಿನಾಲ್ಕು ಜನ. ಕಿಟ್ಟಣ್ಣ ಹೋಟೆಲಿನಿಂದ ಬೋಂಡ ತರಿಸಿದ್ದರು. ಬಟ್ಟೆ ಸುತ್ತಿದ ಹೆಬ್ಬೆರಳು ಕಂಡ ಕೂಡಲೇ ಅವರು, ಗರುಡ ಅಷ್ಟು ಹತ್ತಿರ ಬಂದಿತ್ತಾ, ಬೆಳಿಗ್ಗೆ ನೀವು ಹೇಳಲೇ ಇಲ್ಲವಲ್ಲ ಅಂದರು. ಮಂಜುನಾಥ್ ಬಾಯಿ ಬಿಡುವುದರೊಳಗೆ ಆ ಮಾತು ಹಜಾರ ಸುತ್ತಿ ಬಂದು, ದೇವರ ಗಾಯವೆಂದು ಯಾರೋ ಒಬ್ಬರು ಬೆರಳನ್ನು ಕಣ್ಣಿಗೊತ್ತಿಕೊಂಡೂ ಆಗಿತ್ತು.

ರಮಾಬಾಯಿ ಸ್ಟೂಲಿನ ಮೇಲೆ ರಿಜಿಸ್ಟರು ಬಿಚ್ಚಿಟ್ಟರು. ಪಕ್ಕದಲ್ಲಿ ಫೋನು, ಅದರೊಳಗೆ ಪ್ರೊಫೆಸರು ಕೆಮ್ಮುತ್ತಿದ್ದರು. ಹಜಾರದ ಟ್ಯೂಬ್‌ಲೈಟು ಮಿಟುಕುತ್ತಿದ್ದರಿಂದ ಸ್ಟೂಲನ್ನು ದೇವರ ದೀಪದ ಹತ್ತಿರಕ್ಕೆ ಸರಿಸಿದರು. ರಮಾಬಾಯಿ ಮುತ್ತಿನಂಥ ಅಕ್ಷರದಲ್ಲಿ ಬೆಳಗಿನ ಮಾತನ್ನೆಲ್ಲ ಬರೆದು ಮುಗಿಸಿ, ಕಾಲಿನ ವಿಷಯಕ್ಕೆ ಒಂದಿಷ್ಟು ಜಾಗ ಬಿಟ್ಟು, ಪೆನ್ನನ್ನು ಅವನ ಕಡೆ ಚಾಚಿದರು.

"ಕಣ್ಣಾರೆ ಕಂಡೇನಿ ಅಂತ ಬರದು, ಕೆಳಗ ಸಹಿ ಮಾಡ್ರಿ."

ಮಂಜುನಾಥ್ ಪೆನ್ನು ಹಿಡಿದು ಬಗ್ಗಿದ. ಬಗ್ಗಿದವನ ಮೂಗಿನ ನೇರಕ್ಕೆ ದೀಪದ ಹಿಂದಿನ ಪಟವಿತ್ತು. ವಿಷ್ಣು ಕೂತಿದ್ದ, ಅವನ ಕೆಳಗೆ ಗರುಡ. ಎರಡು ಕೈ ಜೋಡಿಸಿ, ರೆಕ್ಕೆ ಬಿಚ್ಚಿ, ಅದೂ ನಮಸ್ಕಾರವನ್ನೇ ಮಾಡುತ್ತಿತ್ತು. ಆದರೆ ಅದರ ಕಣ್ಣು ಮಾತ್ರ ತೆರೆದಿತ್ತು. ದುಂಡಗೆ, ಬೆಳ್ಳಗೆ, ನೇರವಾಗಿ ಮಂಜುನಾಥನನ್ನೇ ನೋಡುತ್ತಿತ್ತು.

ಪೆನ್ನು ಕದಲಲಿಲ್ಲ. ಫೋನಿನಲ್ಲಿ ಪ್ರೊಫೆಸರು ಎಡವೋ ಬಲವೋ ಎಂದರು. ಹದಿನಾಲ್ಕು ಜನ ಬೋಂಡ ಅಗಿಯುವುದನ್ನು ನಿಲ್ಲಿಸಿದರು. ಮಹಡಿಯ ಮೇಲೆ ತೇಜು ಓಡಾಡುವ ಸದ್ದು ಕೇಳುತ್ತಿತ್ತು. ಆ ಹೆಜ್ಜೆಗಳಿಗಾಗಿಯೇ ಇಷ್ಟೆಲ್ಲ. ಆದರೂ, ದೀಪದ ಮುಂದೆ, ಆ ಕಣ್ಣಿನ ಮುಂದೆ, ಕೈ ಏಳಲಿಲ್ಲ.

"ಸಾರ್, ನಾನು ನೋಡಿಲ್ಲ," ಅಂದ. "ಗರುಡ ಅಂತ ಕಣ್ಣು ಮುಚ್ಚಿ ಕೈ ಮುಗಿದ್ಬಿಟ್ಟೆ. ಕಣ್ಣು ಬಿಡೋ ಹೊತ್ತಿಗೆ ಒಂದು ಗರಿ ಇತ್ತು, ಅಷ್ಟೇ. ನೀವು ನೋಡಿದೀರಲ್ಲ, ನೀವೇ ಸಹಿ ಹಾಕಿ. ನಂದು ತಪ್ಪಾಯ್ತು."

ಹನುಮಂತಯ್ಯನವರ ಮುಖ ತಳ ಸೋರಿದ ಕೊಡದ ಹಾಗಾಯಿತು.

"ಅಯ್ಯೋ ಪಾಪಿ, ನೀನೂನಾ?" ಅಂದರು ಮೆಲ್ಲಗೆ.

ಯಾರಿಗೂ ಅರ್ಥವಾಗಲಿಲ್ಲ. ಅವರು ಕುರ್ಚಿಯಲ್ಲಿ ಕುಸಿದು, ಎಲ್ಲರ ಮುಖವನ್ನೂ ಒಮ್ಮೆ ನೋಡಿ, ನೆಲ ನೋಡುತ್ತ ಹೇಳಿದರು. "ನಾನೆಲ್ಲಿ ನೋಡಿದೆ? ಒಂಬತ್ತು ವರ್ಷದಿಂದ ಇದೇ ಕತೆ. ಅದು ರೆಕ್ಕೆ ಮಡಿಸಿದ ತಕ್ಷಣ ನನ್ನ ಕಣ್ಣು ಮುಚ್ಚಿಹೋಗುತ್ತೆ. ಭಕ್ತಿಯೋ, ಆ ಬಾತಿನ ಮೇಲೆ ಕನಿಕರಾನೋ, ನಂಗೇ ಗೊತ್ತಿಲ್ಲ. ಇವನು ನೋಡ್ದೆ ಅಂದ. ಇವನು ಹೇಳೋದನ್ನ ಕೇಳಿ, ಓಹೋ ಹೀಗಾಯ್ತಾ ಅಂತ ನಾನೂ ತಿಳ್ಕೊತಾ ಇದ್ದೆ."

ಬೆಳಗಿನಿಂದ ಒಬ್ಬ ಕುರುಡ ಇನ್ನೊಬ್ಬ ಕುರುಡನ ತಲೆಯಾಡಿಸುವಿಕೆಯನ್ನು ನೋಡಿ ನೋಡಿ ಆನೆಯನ್ನು ಕಟ್ಟಿದ್ದ ಹಾಗಾಗಿತ್ತು. ಮೊದಲು ಕಿಟ್ಟಣ್ಣನವರ ಹೊಟ್ಟೆ ಕುಲುಕಲು ಶುರುವಾಯಿತು. ಅಲ್ಲಿಂದ ನಗು ಹದಿನಾಲ್ಕು ಜನರಿಗೂ ಹತ್ತಿಕೊಂಡಿತು. ಪ್ರೊಫೆಸರು ಫೋನಿನೊಳಗಿಂದ, ಏನಾಯಿತು ಏನಾಯಿತು ಅಂತ ಕೇಳುತ್ತಲೇ ಇದ್ದರು. ರಮಾಬಾಯಿ ಮಾತ್ರ ನಗಲಿಲ್ಲ. ಬರೆದದ್ದಕ್ಕೆ ಅಡ್ಡಗೆರೆ ಎಳೆದು, ಕೆಳಗೆ ಅದೇ ಮುತ್ತಿನ ಅಕ್ಷರದಲ್ಲಿ ಬರೆದು, ಗಟ್ಟಿಯಾಗಿ ಓದಿದರು: "ಬಾತುಗಳು ಎದ್ದವು. ಒಂದು ಗರಿ ಬಿದ್ದಿತು. ಸ್ಥಳದಲ್ಲಿ ನಾಲ್ವರಿದ್ದರು. ಕಂಡವರು ಯಾರೂ ಇಲ್ಲ."

ಬಂದವರು ನಗುತ್ತಲೇ ಹೊರಟರು. ಹನುಮಂತಯ್ಯನವರು ಒಂಬತ್ತು ವರ್ಷದ ಹೊರೆ ಇಳಿಸಿದವರ ಹಾಗೆ ಹಗುರವಾಗಿದ್ದರು. ಮಂಜುನಾಥನ ಹೆಗಲ ಮೇಲೆ ಕೈಯಿಟ್ಟು, ಇಷ್ಟು ಜನರ ಮುಂದೆ ನಿಜ ಹೇಳಿದೆಯಲ್ಲ, ಇಂಥವನು ಮಹಡಿಯಲ್ಲಿದ್ದರೆ ಮನೆಗೇ ಕ್ಷೇಮ ಅಂದರು. ಆಮೇಲೆ ಒಳಗೆ ತಿರುಗಿ ಕೂಗಿದರು: "ಲೀಲಾ, ಆ ಕರಾರು ಕಾಗದ ತಾ. ಸಹಿ ಹಾಕಿಬಿಡು." ಮಂಜುನಾಥನ ಕಡೆ ನೋಡಿ, "ಮನೆ ಅವಳ ಹೆಸರಲ್ಲಿರೋದಪ್ಪಾ. ಅವರಪ್ಪ ಕೊಟ್ಟಿದ್ದು. ನಾನು ಬರೀ ಬಲ್ಬು ಬದಲಾಯಿಸ್ತೀನಿ," ಅಂದರು.

ಲೀಲಮ್ಮ ಬಂದರು. ಒಂದು ಕೈಯಲ್ಲಿ ಜಪಮಣಿ, ಇನ್ನೊಂದರಲ್ಲಿ ಕಾಗದ. ಮುಖದಲ್ಲಿ ಕೋಪವಿರಲಿಲ್ಲ, ಪೂಜೆ ಮುಗಿಸಿ ಎದ್ದವರ ಶಾಂತಿಯಿತ್ತು.

"ಬೆಳಿಗ್ಗೆ ಆ ಮರದ ಕೆಳಗಿಂದಾನೇ ಇವರು ಫೋನ್ ಮಾಡಿದ್ರು," ಅಂದರು. "ಲೀಲಾ, ಈ ಸಲಾನೂ ಕಣ್ಣು ಮುಚ್ಚಿಬಿಟ್ಟೆ ಅಂತ. ಇವರು ನನ್ನ ಹತ್ರ ಏನೂ ಮುಚ್ಚಿಡಲ್ಲ. ಆಮೇಲೆ ನಾನು ನಿಮ್ಮನ್ನ ಕೇಳಿದೆ. ಸಾರ್ ರೆಪ್ಪೆ ಬಡೀದೆ ನೋಡಿದ್ರು, ಪಕ್ಕದಲ್ಲೇ ಇದ್ದೆ ಅಂದ್ರಿ."

ಮಂಜುನಾಥ್ ಬಟ್ಟೆ ಸುತ್ತಿದ ಹೆಬ್ಬೆರಳನ್ನು ಬೆನ್ನ ಹಿಂದೆ ಸರಿಸಿದ.

"ನಿಮಗೆ ಕೊಡೋದಾ, ಸರಸ ಅಂತ ಒಬ್ಬ ಟೀಚರ್ ಇದಾಳೆ, ಅವಳಿಗೆ ಕೊಡೋದಾ ಅಂತ ಹದಿನೈದು ದಿನದಿಂದ ತೂಗ್ತಾ ಇದ್ದೆ. ಮಧ್ಯಾಹ್ನ ಬಂದಿದ್ಲು. ಕೇಳೋಕೆ ಮುಂಚೇನೇ ಹೇಳಿದ್ಲು, ರಾತ್ರಿ ಹತ್ತರವರೆಗೂ ಹೊಲಿಗೆ ಮಿಷನ್ ಓಡಿಸ್ತೀನಿ, ಸದ್ದಾಗುತ್ತೆ, ಬೇಡ ಅಂದ್ರೆ ಈಗ್ಲೇ ಹೇಳಿ ಅಂತ. ಅವಳಿಗೆ ಕುಂಕುಮ ಕೊಟ್ಟು ಕಳಿಸಿದೆ."

"ಈಗ ನಿಜ ಹೇಳಿದ್ನಲ್ಲಮ್ಮಾ," ಅಂದ ಮಂಜುನಾಥ್.

"ಹೇಳಿದ್ರಿ. ಕೇಳಿ ತುಂಬ ಸಂತೋಷ ಆಯ್ತು. ಆದ್ರೆ ಮಾತು ಮಧ್ಯಾಹ್ನಾನೇ ಕೊಟ್ಟಾಗಿದೆಯಪ್ಪಾ."

ಅವನು ಹನುಮಂತಯ್ಯನವರ ಕಡೆ ನೋಡಿದ. ಎದುರಿಗೆ ನಡೆಯುತ್ತಿದ್ದುದನ್ನು ನೋಡಲಾರದೆ ಅವರು ಕಣ್ಣು ಮುಚ್ಚಿಕೊಂಡಿದ್ದರು.

ಮಹಡಿಯ ಮೆಟ್ಟಿಲ ತುದಿಯಲ್ಲಿ ಪಾವನಾ ಬಂದು ನಿಂತಿದ್ದಳು. ಲೀಲಮ್ಮ ಕಾಗದವನ್ನು ಮಡಿಕೆ ಕೆಡದ ಹಾಗೆ ಸರಿಮಾಡಿ, ಮಂಜುನಾಥನ ಗಾಯವಾಗದ ಕೈಯಲ್ಲಿಟ್ಟರು. ಕೆಳಗೆ ಎಡಗಡೆ ಅವನ ಸಹಿ ಹಾಗೇ ಇತ್ತು, ಬಲಗಡೆ ಖಾಲಿ.

"ನಿಮ್ಮ ಸಹಿ ನಿಮ್ಮ ಹತ್ರಾನೇ ಇರ್ಲಿ," ಅಂದು, ಮಣಿ ಎಣಿಸುತ್ತ ಒಳಗೆ ಹೋದರು.